ಒಂದು ಹಿಡಿ ಬೇಳೆ, ಒಂದು ಗಡಿಗೆ ಸಾರು

ರಾಣೆಬೆನ್ನೂರಿನಿಂದ ಮೇಡ್ಲೇರಿ ರಸ್ತೆ ಹಿಡಿದು ಹೊರಟರೆ ಮಳೆಗಾಲದಲ್ಲಿ ಕಣ್ಣಿಗೆ ಬೀಳುವುದು ಗೋವಿನಜೋಳದ ಹೊಲಗಳು. ಸಂಜೆ ಊರು ಮುಟ್ಟುವ ಹೊತ್ತಿಗೆ ಮನೆಮನೆಯಿಂದಲೂ ಒಗ್ಗರಣೆಯ ಘಮ. ಅಂಥ ಒಂದು ಮನೆಯ ಪಡಸಾಲೆಯಲ್ಲಿ ಕುಳಿತು, ಒಲೆಯ ಮುಂದಿದ್ದ ಹಿರಿಯರನ್ನು ‘ಇವತ್ತೇನು ಸಾರು, ಅಜ್ಜಿ?’ ಎಂದು ಕೇಳಿದೆ.

‘ವಟಾಣಿ ಬ್ಯಾಳಿ ಹಾಕೀನಿ ತಮ್ಮಾ. ತೊಗರಿಬ್ಯಾಳಿ ತುಟ್ಟಿ ಆಗೇತಿ. ಅದರಾಗ ಒಂದ ಗಜ್ಜರಿ, ಎರಡ ಬದನಿಕಾಯಿ, ಒಂದ ಹಿಡಿ ಮೆಂತೆ ಪಲ್ಯ. ಎಂಟ ಮಂದಿಗೆ ಆಗಬೇಕಲ್ಲ?’

ಪಟ್ಟಣದ ಹೋಟೆಲಿನಲ್ಲಿ ಇದನ್ನೇ ಬಿಳಿ ಬಟ್ಟಲಿನಲ್ಲಿ ಹಾಕಿ, ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಕೊಟ್ಟರೆ ‘ಬಟಾಣಿ ಬೇಳೆ ಮತ್ತು ತರಕಾರಿ ಸೂಪು’ ಎಂದಾಗುತ್ತದೆ. ಊಟಕ್ಕೆ ಮೊದಲು ಹಸಿವು ಕೆರಳಿಸಲು ಅದನ್ನು ಕುಡಿಯುತ್ತಾರೆ. ಮೇಡ್ಲೇರಿಯಲ್ಲಿ ಅದು ಹಸಿವು ಕೆರಳಿಸುವ ಪದಾರ್ಥವಲ್ಲ, ಹಸಿವು ತಣಿಸುವ ಪದಾರ್ಥ. ರೊಟ್ಟಿ ಮುರಿದು ಅದರಲ್ಲಿ ನೆನೆಸಿದರೆ ಅದೇ ಊಟ. ಒಂದು ಹಿಡಿ ಬೇಳೆಯನ್ನು ಎಂಟು ಮಂದಿಗೆ ಮುಟ್ಟಿಸುವ ಈ ವಿದ್ಯೆ ಎಷ್ಟು ಹಳೆಯದು? ಗಡಿಗೆಯೊಳಗಿನ ಒಂದೊಂದು ಪದಾರ್ಥ ಎಲ್ಲಿಂದ ಬಂತು? ನೋಡುತ್ತ ಹೋದರೆ ದಿನನಿತ್ಯದ ಸಾರಿನಲ್ಲಿ ನಾಲ್ಕು ಸಾವಿರ ವರ್ಷಗಳ ಚರಿತ್ರೆ ಕುದಿಯುತ್ತಿರುವುದು ಕಾಣುತ್ತದೆ.

ಸೂಪವೂ ಸೂಪೂ

ಮೊದಲು ಹೆಸರಿನ ವಿಚಾರ. ಸಂಸ್ಕೃತದಲ್ಲಿ ‘ಸೂಪ’ ಎಂದರೆ ಬೇಯಿಸಿದ ಬೇಳೆಯ ರಸ, ತೊವ್ವೆ. ಅಡುಗೆಯವನು ‘ಸೂಪಕಾರ’. ಅಡುಗೆಯ ವಿದ್ಯೆಗೇ ‘ಸೂಪಶಾಸ್ತ್ರ’ ಎಂಬ ಹೆಸರು ಬಂದಿತು. ಬೇಳೆ ಬೇಯಿಸಲು ಬಂದವನಿಗೆ ಉಳಿದದ್ದೆಲ್ಲ ಬಂದೀತು ಎಂಬ ಭಾವನೆ ಇದರ ಹಿಂದೆ ಇದ್ದಿರಬಹುದು. ಹಾಗಾದರೆ ಇಂಗ್ಲಿಷಿನ ‘ಸೂಪ್’ ನಮ್ಮ ‘ಸೂಪ’ದಿಂದಲೇ ಹೋದದ್ದೇ? ಹಾಗೆಂದು ನಂಬಿದವರು ಅನೇಕರಿದ್ದಾರೆ. ಆದರೆ ಭಾಷಾಶಾಸ್ತ್ರಜ್ಞರು ಇಂಗ್ಲಿಷ್ ಪದದ ಜಾಡನ್ನು ಫ್ರೆಂಚಿನ ‘ಸೂಪ್’ ಮೂಲಕ ಹಳೆಯ ಜರ್ಮಾನಿಕ್ ಭಾಷೆಗಳಿಗೆ ಕೊಂಡೊಯ್ಯುತ್ತಾರೆ. ಅಲ್ಲಿ ಅದರ ಅರ್ಥ ರಸದಲ್ಲಿ ನೆನೆಸಿದ ರೊಟ್ಟಿಯ ತುಣುಕು. ಎರಡು ಪದಗಳ ಹೋಲಿಕೆ ಆಕಸ್ಮಿಕವೂ ಇರಬಹುದು. ಆದರೂ ಮೇಡ್ಲೇರಿಯ ತಾಟಿನಲ್ಲಿ ರೊಟ್ಟಿ ಸಾರಿನಲ್ಲಿ ನೆನೆಯುವುದನ್ನು ಕಂಡಾಗ, ಪದಗಳು ಬೇರೆಯಾದರೂ ಉಣ್ಣುವ ಬಗೆ ಒಂದೇ ಅನ್ನಿಸದೆ ಇರದು.

ನಮ್ಮ ‘ಸಾರು’ ದ್ರಾವಿಡ ಮನೆತನದ ಪದ. ತೆಲುಗಿನಲ್ಲಿ ಅದು ‘ಚಾರು’. ಇಂಗ್ಲಿಷರ ಊಟದ ಮೇಜಿಗೆ ಹೋದದ್ದು ಇದರ ಹತ್ತಿರದ ಬಂಧು. ತಮಿಳಿನ ‘ಮಿಳಗು ತಣ್ಣೀರ್’, ಅಂದರೆ ಮೆಣಸಿನ ನೀರು, ಅವರ ಬಾಯಲ್ಲಿ ‘ಮಲ್ಲಿಗಟಾನಿ’ ಸೂಪಾಯಿತು.

ಹಳ್ಳೂರಿನ ಬೂದಿಯಲ್ಲಿ

ರಾಣೆಬೆನ್ನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯ ದಂಡೆಯಲ್ಲೇ, ಹಾವೇರಿ ಜಿಲ್ಲೆಯ ಹಳ್ಳೂರು ಇದೆ. 1965ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಅಲ್ಲಿ ಉತ್ಖನನ ನಡೆಸಿದರು. ನವಶಿಲಾಯುಗದಿಂದ ಕಬ್ಬಿಣದ ಯುಗದವರೆಗೆ ಜನ ಬಾಳಿದ ನೆಲೆ ಅದು. ಮುಂದೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಸಸ್ಯಾವಶೇಷಗಳ ತಜ್ಞ ಡೋರಿಯನ್ ಫುಲ್ಲರ್ ಮೊದಲಾದವರು ಹಳ್ಳೂರೂ ಸೇರಿದಂತೆ ದಕ್ಷಿಣದ ಅನೇಕ ನೆಲೆಗಳ ಮಣ್ಣನ್ನು ಬೇರೆ ರೀತಿಯಲ್ಲಿ ಪರೀಕ್ಷಿಸಿದರು. ಅವರ ವಿಧಾನ ಸರಳ. ಹಳೆಯ ಒಲೆ, ಬೂದಿಗುಂಡಿಗಳ ಮಣ್ಣನ್ನು ನೀರಿನಲ್ಲಿ ಕದಡಿದರೆ ಮಣ್ಣು ತಳಕ್ಕಿಳಿಯುತ್ತದೆ. ಸುಟ್ಟು ಇದ್ದಿಲಾದ ಕಾಳುಗಳು ಮೇಲೆ ತೇಲುತ್ತವೆ. ಅವನ್ನು ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುತಿಸುತ್ತಾರೆ.

ಹಾಗೆ ಗುರುತಿಸಿದ್ದೇನು? ದಕ್ಷಿಣದ ನವಶಿಲಾಯುಗದ ಬೇಸಾಯಗಾರರ ಮುಖ್ಯ ಬೆಳೆಗಳು ಸಣ್ಣ ಸಿರಿಧಾನ್ಯಗಳು ಮತ್ತು ಎರಡು ಕಾಳುಗಳು: ಹುರಳಿ ಮತ್ತು ಹೆಸರು. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ತೊಗರಿಯ ಕಾಳೂ ಸಿಕ್ಕಿದೆ. ತೊಗರಿಯ ಕಾಡು ಬಂಧು ಒಡಿಶಾ, ಬಸ್ತಾರ್ ಕಡೆಯ ಕಾಡುಗಳಲ್ಲಿ ಇಂದಿಗೂ ಬೆಳೆಯುವುದರಿಂದ, ತೊಗರಿ ಆ ದಿಕ್ಕಿನಿಂದ ನಮ್ಮ ಕಡೆ ಬಂದಿತೆಂದು ತಿಳಿಯಲಾಗಿದೆ. ಅಂದರೆ ಇಂದಿಗೂ ನೆಗಡಿಯಾದಾಗ ಮಾಡುವ ಹುರಳಿಕಟ್ಟಿನ ಸಾರಿಗೆ ಈ ನದಿಯ ದಂಡೆಯಲ್ಲಿ ಮೂರೂವರೆ ಸಾವಿರ ವರ್ಷಗಳಿಗೂ ಮೀರಿದ ಹಿನ್ನೆಲೆ ಇರಬಹುದು. ಸುಟ್ಟ ಕಾಳು ಅಡುಗೆಯ ವಿಧಾನವನ್ನು ಹೇಳುವುದಿಲ್ಲ, ನಿಜ. ಆದರೆ ಹುರಳಿಯಂಥ ಗಟ್ಟಿ ಕಾಳು ಕೈಯಲ್ಲಿದ್ದು, ಮಣ್ಣಿನ ಗಡಿಗೆಯೂ ಇದ್ದ ಮೇಲೆ ಅದನ್ನು ನೀರಲ್ಲಿ ಕುದಿಸದೆ ಬೇರೆ ದಾರಿ ಯಾವುದಿದ್ದೀತು?

ವಟಾಣಿಯ ಹುಟ್ಟೂರು ಇನ್ನೂ ದೂರ. ಗೋದಿ, ಬಾರ್ಲಿಗಳ ಜೊತೆಗೆ ಪಶ್ಚಿಮ ಏಷ್ಯಾದಲ್ಲಿ ಮೊಟ್ಟಮೊದಲು ಬೇಸಾಯಕ್ಕೆ ಬಂದ ಬೆಳೆಗಳಲ್ಲಿ ಅದೂ ಒಂದು. ಹರಪ್ಪ ಸಂಸ್ಕೃತಿಯ ನೆಲೆಗಳಲ್ಲಿ ಅದು ಸಿಕ್ಕಿದೆ. ತಂಪು ಬಯಸುವ ಬೆಳೆಯಾದ್ದರಿಂದ ಒಣ ವಟಾಣಿಗೆ ಉತ್ತರ ಭಾರತವೇ ಹೆಚ್ಚು ಒಗ್ಗಿತು.

ಕಾಳು ಬೇಳೆಯಾದದ್ದು

ಕಾಳನ್ನು ಇಬ್ಭಾಗ ಮಾಡುವುದು ನೋಡಲು ಸಣ್ಣ ಕೆಲಸ. ಅಡುಗೆಯ ಇತಿಹಾಸದಲ್ಲಿ ಅದು ದೊಡ್ಡ ಹೆಜ್ಜೆ. ಕಾಳಿನ ಸಿಪ್ಪೆ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಸಿಪ್ಪೆ ತೆಗೆದು ಒಡೆದರೆ ಬೇಗ ಬೇಯುತ್ತದೆ, ಕಟ್ಟಿಗೆ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೇಳೆ ಕರಗಿ ನೀರಿನೊಡನೆ ಒಂದಾಗುತ್ತದೆ. ಇಡೀ ಕಾಳನ್ನು ಬೇಯಿಸಿದರೆ ಎಣಿಸಿ ಹಂಚಬೇಕಾದೀತು. ಕರಗಿದ ಬೇಳೆ ಪ್ರತಿ ಸೌಟಿನಲ್ಲೂ ಸಮನಾಗಿ ಬರುತ್ತದೆ.

ತೊಗರಿ ಸುಲಭಕ್ಕೆ ಸಿಪ್ಪೆ ಬಿಡುವ ಕಾಳಲ್ಲ. ಅದಕ್ಕೆ ಎಣ್ಣೆ ಸವರಿಯೋ, ನೆನೆಸಿ ಕೆಮ್ಮಣ್ಣು ಕಲಸಿಯೋ, ಬಿಸಿಲಿಗೆ ಹರವಿ ಒಣಗಿಸಿ, ಬೀಸುವ ಕಲ್ಲಿಗೆ ಹಾಕಿ ಒಡೆಯುತ್ತಿದ್ದರು. ಆಮೇಲೆ ಮರದಲ್ಲಿ ಕೇರಿ ಹೊಟ್ಟು ತೆಗೆಯಬೇಕು. ಹೊಟ್ಟು ದನಕ್ಕೆ, ನುಚ್ಚು ಒಂದು ಕಡೆ, ಬೇಳೆ ಒಂದು ಕಡೆ. ಬೇಸಿಗೆಯಲ್ಲಿ ಹೆಂಗಸರು ದಿನಗಟ್ಟಲೆ ಮಾಡುತ್ತಿದ್ದ ಈ ಕೆಲಸ ಗಿರಣಿ ಬಂದ ಮೇಲೆ ನಿಂತಿತು.

ಬೇಳೆಯ ಅಡುಗೆಯನ್ನು ವಿವರವಾಗಿ ಬರೆದಿಟ್ಟವನು ಒಬ್ಬ ಅರಸ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲರ್ಧದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದ ಅನ್ನಭೋಗ ಭಾಗದಲ್ಲಿ ಹಲವು ದ್ವಿದಳ ಧಾನ್ಯಗಳ ಪಾಕಗಳಿವೆ. ಇಂಗು, ಅರಿಸಿನ, ಸೈಂಧವ ಲವಣಗಳು ಅಲ್ಲಿ ಕಾಣಿಸುತ್ತವೆ. ಇಂದಿನ ಅಡುಗೆಮನೆಗೂ ಇವು ಹೊಸವಲ್ಲ.

ಮೆಣಸಿನಕಾಯಿ ಇಲ್ಲದ ಕಾಲ

ಕನ್ನಡದಲ್ಲಿ ಈ ವಿಷಯದ ಮುಖ್ಯ ಗ್ರಂಥ ಮೂರನೆಯ ಮಂಗರಸನ ‘ಸೂಪಶಾಸ್ತ್ರ’. ಕ್ರಿ.ಶ. 1508ರ ಸುಮಾರಿನದು, ವಾರ್ಧಕ ಷಟ್ಪದಿಯಲ್ಲಿದೆ. ಬದನೆಕಾಯಿಯ ಅಡುಗೆಗಳಿಗೆ ಅದರಲ್ಲಿ ವಿಶೇಷ ಸ್ಥಾನ. ಅದರ ಕಾಲವನ್ನು ಓದುಗರು ಸ್ವಲ್ಪ ಗಮನಿಸಬೇಕು. ವಾಸ್ಕೋ ಡ ಗಾಮ ಕಲ್ಲಿಕೋಟೆ ಸೇರಿದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಮೂರೂ ಅಮೆರಿಕ ಖಂಡದ ಬೆಳೆಗಳು. ಅಂದರೆ ಮಂಗರಸನ ಅಡುಗೆಮನೆಯಲ್ಲಿ ಈ ಮೂರೂ ಇರಲಿಲ್ಲ. ಖಾರಕ್ಕೆ ಕಾಳುಮೆಣಸು, ಶುಂಠಿ; ಹುಳಿಗೆ ಹುಣಸೆ, ಮಜ್ಜಿಗೆ. ಆ ಹುಣಸೆ ಕೂಡ ಬಹು ಪ್ರಾಚೀನ ಕಾಲದಲ್ಲಿ ಆಫ್ರಿಕದಿಂದ ಬಂದು ನೆಲೆಸಿದ ಮರ.

ಬ್ಯಾಡಗಿ ಮೆಣಸಿನಕಾಯಿ ಇಲ್ಲದ ಹಾವೇರಿಯ ಸಾರನ್ನು ಇಂದು ಊಹಿಸುವುದೂ ಕಷ್ಟ. ಸುಕ್ಕುಗಟ್ಟಿದ ತೊಗಟೆಯ ಈ ಕಾಯಿ ಬಣ್ಣದಲ್ಲಿ ಕಡುಗೆಂಪು, ಖಾರದಲ್ಲಿ ಸೌಮ್ಯ. ಡಬ್ಬಿ, ಕಡ್ಡಿ ಎಂದು ಅದರಲ್ಲಿ ಎರಡು ಬಗೆ. ಅದರಿಂದ ತೆಗೆದ ಬಣ್ಣ ಆಹಾರೋದ್ಯಮಕ್ಕೂ ಪ್ರಸಾಧನಗಳಿಗೂ ಹೋಗುತ್ತದೆ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ನೆಲದ ಹೆಸರನ್ನೇ ಹೊತ್ತ ಈ ಬೆಳೆಯ ಪೂರ್ವಜರು ಐದು ಶತಮಾನಗಳ ಹಿಂದೆ ಹಡಗಿನಲ್ಲಿ ಬಂದಿಳಿದ ಪರದೇಶಿಗಳು ಎಂದರೆ ಮಾರುಕಟ್ಟೆಯಲ್ಲಿ ನಂಬುವವರು ಕಡಿಮೆ. ಹೊಸದನ್ನು ಹಳೆಯದೆಂದು ಅನ್ನಿಸುವಂತೆ ಮಾಡುವುದು ಸಾರಿನ ಗಡಿಗೆಯ ಗುಣ. ಅದು ಬಂದವರನ್ನೆಲ್ಲ ಒಳಗೆ ಸೇರಿಸಿಕೊಂಡಿತು. ಬದಲಾಗದೆ ಉಳಿದದ್ದು ತಳದಲ್ಲಿರುವ ಬೇಳೆ ಮಾತ್ರ.

ಸೈನಿಕನ ಜೋಳಿಗೆಯಲ್ಲಿ ಸೂಪು

ಒಣ ಕಾಳನ್ನು ಒಡೆದು ನೀರಲ್ಲಿ ಕುದಿಸಿ ಬಹುಮಂದಿಗೆ ಹಂಚುವ ಉಪಾಯ ನಮ್ಮೊಬ್ಬರದೇ ಅಲ್ಲ. ಚಳಿ ದೇಶಗಳಲ್ಲಿ ಒಣಗಿಸಿಟ್ಟ ವಟಾಣಿಯೇ ಚಳಿಗಾಲದ ಆಧಾರವಾಗಿತ್ತು. ಸ್ವೀಡನ್ ಮತ್ತು ಫಿನ್ಲೆಂಡಿನಲ್ಲಿ ಗುರುವಾರ ವಟಾಣಿ ಸೂಪು ಉಣ್ಣುವ ಪದ್ಧತಿ ಈಗಲೂ ಇದೆ. ನೆದರ್ಲೆಂಡಿನವರು ಚಮಚ ನೆಟ್ಟಗೆ ನಿಲ್ಲುವಷ್ಟು ಮಂದವಾಗಿ ಅದನ್ನು ಕಾಯಿಸುತ್ತಾರೆ.

1867ರಲ್ಲಿ ಬರ್ಲಿನ್ನಿನ ಗ್ರ್ಯೂನೆಬೆರ್ಗ್ ಎಂಬ ಬಾಣಸಿಗ ವಟಾಣಿ ಹಿಟ್ಟು, ಕೊಬ್ಬು, ಮಸಾಲೆ ಬೆರೆಸಿ ಸುರುಳಿ ಕಟ್ಟುವ ಉಪಾಯ ಕಂಡುಹಿಡಿದ. ಒಂದು ತುಂಡು ಮುರಿದು ಬಿಸಿ ನೀರಿಗೆ ಹಾಕಿದರೆ ಸೂಪು ಸಿದ್ಧ. ಪ್ರಷ್ಯಾ ಸರ್ಕಾರ ಅದನ್ನು ಕೊಂಡುಕೊಂಡಿತು. 1870ರ ಫ್ರಾನ್ಸ್ ಯುದ್ಧದಲ್ಲಿ ಸೈನಿಕರ ಜೋಳಿಗೆಗೆ ಸೇರಿಸಿತು. 1889ರಿಂದ ಅದನ್ನು ಮಾರುತ್ತಿದ್ದ ಕ್ನೋರ್ ಕಂಪನಿ 2018ರಲ್ಲಿ ತಯಾರಿಕೆ ನಿಲ್ಲಿಸಿತು. ಇಂದು ಅಂಗಡಿಯಲ್ಲಿ ಸಿಗುವ ಸೂಪಿನ ಪೊಟ್ಟಣದ ಹಿರಿಯಜ್ಜ ಅದು. ಸೈನಿಕ ನಡೆಯಬೇಕಾದರೆ ಅವನಿಗೆ ಬೇಳೆ ಬೇಕು ಎಂಬ ಸತ್ಯ ಆ ಸರ್ಕಾರಕ್ಕೆ ತಿಳಿದಿತ್ತು.

ಒಂದು ಪೌಂಡ್ ಧಾನ್ಯದ ಜಗಳ

ಅದಾದ ಏಳು ವರ್ಷಕ್ಕೆ ನಮ್ಮ ಕಡೆ ಬೇರೆಯೇ ಲೆಕ್ಕ ನಡೆಯಿತು. 1876ರಲ್ಲಿ ಮಳೆ ಕೈಕೊಟ್ಟಿತು. 1878ರವರೆಗೆ ದಕ್ಷಿಣ ಭಾರತವನ್ನು ಹುರಿದ ಆ ಬರಕ್ಕೆ 50 ಲಕ್ಷಕ್ಕೂ ಹೆಚ್ಚು ಜನ ಬಲಿಯಾದರೆಂದು ಅಂದಾಜು. ರಾಣೆಬೆನ್ನೂರು ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಆ ಜಿಲ್ಲೆಯೂ ಬರಕ್ಕೆ ಸಿಕ್ಕಿತು.

ಬರ ಪರಿಹಾರದ ಮೇಲ್ವಿಚಾರಣೆಗೆ ಸರ್ಕಾರ ಕಳಿಸಿದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್. ಖರ್ಚು ತಗ್ಗಿಸಬೇಕೆಂಬುದು ಮೇಲಿನವರ ಒತ್ತಾಯ. 1877ರ ಆರಂಭದಲ್ಲಿ ಆತ ಕಾಮಗಾರಿಯ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆ ಮತ್ತು ಮೇಲಿಷ್ಟು ಪುಡಿಗಾಸು ಸಾಕೆಂದು ಗೊತ್ತುಮಾಡಿದ. ಮಣ್ಣು ಹೊರುವ, ಕಲ್ಲು ಒಡೆಯುವ ಆಳಿಗೆ ಇದು ಸಾಕೇ?

ಸಾಲದು ಎಂದು ಎದ್ದು ನಿಂತವರು ಮದರಾಸು ಪ್ರಾಂತ್ಯದ ನೈರ್ಮಲ್ಯ ಆಯುಕ್ತ ಡಾ. ಕಾರ್ನಿಷ್. ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ ಬೇಕು, ಅದರ ಜೊತೆಗೆ ಬೇಳೆಕಾಳು, ತರಕಾರಿಗಳೂ ಬೇಕು ಎಂಬುದು ಅವರ ವಾದ. ಬರಿಯ ಧಾನ್ಯ ಹೊಟ್ಟೆ ತುಂಬಿಸಬಹುದು, ಮೈಯನ್ನು ಉಳಿಸಲಾರದು. ಜನ ಮೂಳೆಚಕ್ಕಳವಾಗುತ್ತಿದ್ದುದು ಕಣ್ಣಿಗೆ ಕಾಣುತ್ತಿತ್ತು. ಕೆಲವು ತಿಂಗಳುಗಳ ನಂತರ ಮದರಾಸು ಸರ್ಕಾರ ಕೂಲಿ ಏರಿಸಿತು. ಟೆಂಪಲ್ ಅದೇ ವರ್ಷ ಮುಂಬಯಿಯ ಗವರ್ನರ್ ಆದ.

ಕಾರ್ನಿಷರ ಮಾತು ಸರಿಯೆಂದು ಇಂದಿನ ಆಹಾರ ವಿಜ್ಞಾನ ಹೇಳುತ್ತದೆ. ಜೋಳ, ಅಕ್ಕಿಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಯಲ್ಲಿ ಅದು ಹೇರಳ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೊನಿನ್ ಧಾನ್ಯದಲ್ಲಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಯನ್ನು ಸಾರಿನಲ್ಲಿ ಅದ್ದುವ ಅಜ್ಜಿಗೆ ಈ ಹೆಸರುಗಳು ಗೊತ್ತಿರಬೇಕಾಗಿಲ್ಲ. ಬರಿ ರೊಟ್ಟಿ ಉಂಡ ಮಗು ಸೊರಗುತ್ತದೆಂಬುದು ಆಕೆಗೆ ಗೊತ್ತು.

20 ಗ್ರಾಂ ಬೇಳೆ, 50 ಗ್ರಾಂ ತರಕಾರಿ

ಆ ಜಗಳ ತೀರ್ಮಾನವಾಗಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ‘ಅಕ್ಷರ ದಾಸೋಹ’ 2002ರಲ್ಲಿ ಕೆಲವು ಜಿಲ್ಲೆಗಳಲ್ಲಿ ಮೊದಲಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹರಡಿತು. ಮುಂದೆ ನಿಗದಿಯಾದ ರಾಷ್ಟ್ರೀಯ ಪ್ರಮಾಣದಂತೆ ಕಿರಿಯ ಪ್ರಾಥಮಿಕ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಹಿರಿಯ ತರಗತಿಗೆ 150, 30 ಮತ್ತು 75 ಗ್ರಾಂ. ಬೇಳೆ ಮತ್ತು ತರಕಾರಿಯ ಸಾರು ಹೀಗೆ ಮನೆಯ ರೂಢಿಯಿಂದ ಸರ್ಕಾರದ ಕಟ್ಟಳೆಯಾಯಿತು. 20 ಗ್ರಾಂ ಎಂದರೆ ಒಂದು ಸಣ್ಣ ಹಿಡಿ. ಆ ಹಿಡಿ ಸಾರಿನಲ್ಲಿ ಇದೆಯೋ, ಬರಿ ನೀರಿದೆಯೋ ಎಂಬುದರ ಮೇಲೆ ಊಟದ ಬೆಲೆ ನಿಂತಿದೆ.

ಹೊಲದಿಂದ ಅಂಗಡಿಗೆ

ಇಷ್ಟು ಹಳೆಯ ಬಾಂಧವ್ಯವಿರುವ ಬೇಳೆ ಈಗ ಮೇಡ್ಲೇರಿಯಂಥ ಊರಿಗೂ ಅಂಗಡಿಯಿಂದ ಬರುತ್ತಿದೆ. ಹಿಂದೆ ಜೋಳದ ನಡುವೆ ಅಕ್ಕಡಿ ಸಾಲಾಗಿ ತೊಗರಿ, ಹೆಸರು, ಅಲಸಂದಿ ಬೆಳೆಯುತ್ತಿದ್ದರು. ವರ್ಷದ ಬೇಳೆ ಮನೆಯಲ್ಲೇ ಇರುತ್ತಿತ್ತು. ಕಾಳಿನ ಗಿಡದ ಬೇರುಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದು ಹೊಲಕ್ಕೂ ಗೊಬ್ಬರವಾಗುತ್ತಿದ್ದವು. ಕಳೆದ ಕೆಲವು ದಶಕಗಳಲ್ಲಿ ಗೋವಿನಜೋಳ ಹಾವೇರಿ ಜಿಲ್ಲೆಯ ಪ್ರಮುಖ ಬೆಳೆಯಾಯಿತು. ಅದಕ್ಕೆ ಗಿರಾಕಿ ಇದೆ, ಕೈಗೆ ಹಣ ಬರುತ್ತದೆ, ರೈತನನ್ನು ದೂರುವಂತಿಲ್ಲ. ಆದರೆ ಅದು ಬಹುಪಾಲು ಕೋಳಿ, ದನಗಳ ಮೇವಿಗೆ ಮತ್ತು ಕಾರ್ಖಾನೆಗೆ ಹೋಗುವ ಬೆಳೆ. ಬೇಳೆಯನ್ನು ಆ ಹಣದಿಂದ ಕೊಳ್ಳಬೇಕು.

ಕೊಳ್ಳುವ ಬೆಲೆ ನಮ್ಮ ಕೈಯಲ್ಲಿಲ್ಲ. 2015ರಲ್ಲಿ ತೊಗರಿಬೇಳೆ ಕಿಲೋಗೆ ಸುಮಾರು 200 ರೂಪಾಯಿ ಮುಟ್ಟಿದ್ದು ಅನೇಕರಿಗೆ ನೆನಪಿರಬಹುದು. ಅಂಥ ದಿನಗಳಲ್ಲಿ ಬಡವರ ಗಡಿಗೆಗೆ ಬೀಳುವುದು ಹಳದಿ ವಟಾಣಿ ಬೇಳೆ. ಅದರ ದೊಡ್ಡ ಪಾಲು ಕೆನಡಾ, ರಷ್ಯಾಗಳಿಂದ ಹಡಗಿನಲ್ಲಿ ಬಂದದ್ದು. 2017ರ ನವೆಂಬರಿನಲ್ಲಿ ನಮ್ಮ ರೈತರ ಹಿತಕ್ಕಾಗಿ ಕೇಂದ್ರ ಸರ್ಕಾರ ಅದರ ಮೇಲೆ ಶೇ 50 ಸುಂಕ ಹೇರಿತು. 2023ರ ಡಿಸೆಂಬರಿನಲ್ಲಿ ಬೇಳೆಯ ಬೆಲೆ ತಗ್ಗಿಸಲು ಸುಂಕ ತೆಗೆಯಿತು. ಸುಂಕ ಏರಿದರೆ ಉಣ್ಣುವವನಿಗೆ ಕಷ್ಟ, ಇಳಿದರೆ ಬೆಳೆಯುವವನಿಗೆ ನಷ್ಟ. ಮೇಡ್ಲೇರಿಯಂಥ ಊರಿನಲ್ಲಿ ಅವರಿಬ್ಬರೂ ಒಂದೇ ಮನೆಯವರು ಎಂಬುದೇ ತೊಡಕು.

ಮನೆಯಲ್ಲಿ ಮಾಡುವ ಬಗೆ

ಇಷ್ಟು ಓದಿದ ಮೇಲೆ ಸಾರು ಮಾಡಿ ನೋಡುವ ಮನಸ್ಸಾದರೆ ಅಜ್ಜಿಯ ವಿಧಾನ ಇಲ್ಲಿದೆ. ಒಂದು ಲೋಟ ವಟಾಣಿ ಬೇಳೆಯನ್ನು ತೊಳೆದು ಒಂದು ತಾಸು ನೆನೆಯಿಡಬೇಕು. ಐದಾರು ಲೋಟ ನೀರು, ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ ಹಾಕಿ ಬೇಯಲು ಇಡಬೇಕು. ತೆರೆದ ಪಾತ್ರೆಯಲ್ಲಿ ಮುಕ್ಕಾಲು ತಾಸಾದರೂ ಬೇಕು. ಕುಕ್ಕರಿನಲ್ಲಿ ನಾಲ್ಕೈದು ಕೂಗು. ಬೋರಿನ ಗಡಸು ನೀರಾದರೆ ಬೇಳೆ ಬೇಯಲು ಹಟ ಮಾಡುತ್ತದೆ. ನೀರಿನಲ್ಲಿರುವ ಸುಣ್ಣದ ಅಂಶ ಕಾಳಿನ ಗೋಡೆಯನ್ನು ಬಿಗಿಮಾಡುವುದೇ ಕಾರಣ. ಕುಡಿಯುವ ಸಿಹಿನೀರು ಬಳಸುವುದು ಮೇಲು.

ಬೇಳೆ ಕರಗಿದ ಮೇಲೆ ಹೆಚ್ಚಿದ ಗಜ್ಜರಿ, ಬದನೆ, ಉಳ್ಳಾಗಡ್ಡಿ ಹಾಕಿ ಕುದಿಸಬೇಕು. ಸೊಪ್ಪು ಕೊನೆಗೆ. ಹುಣಸೆ ರಸವನ್ನು ಬೇಳೆ ಬೇಯುವ ಮೊದಲು ಹಾಕಲೇಬಾರದು. ಹುಳಿ ಬಿದ್ದರೆ ಬೇಳೆ ಮೆತ್ತಗಾಗುವುದಿಲ್ಲ. ಉಪ್ಪು, ಬ್ಯಾಡಗಿ ಖಾರದ ಪುಡಿ ರುಚಿಗೆ ತಕ್ಕಷ್ಟು. ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟು ಇಳಿಸಿದರೆ ಆಯಿತು. ಸೂಪು ಎನ್ನಬೇಕೆನ್ನುವವರು ಹುಣಸೆ ಬಿಟ್ಟು, ಕಡೆದು, ಕಾಳುಮೆಣಸು ಹಾಕಿ ಕುಡಿಯಬಹುದು. ಆಗ ಅದು ಮಂಗರಸನ ಕಾಲಕ್ಕೆ ಇನ್ನಷ್ಟು ಹತ್ತಿರವಾಗುತ್ತದೆ.

ಅಂದು ಸಂಜೆ ಸಾರು ಇಳಿಸುವ ಹೊತ್ತಿಗೆ ಇನ್ನಿಬ್ಬರು ನೆಂಟರು ಬಂದರು. ಅಜ್ಜಿ ಗಡಿಗೆಗೆ ಎರಡು ತಂಬಿಗೆ ಬಿಸಿನೀರು ಸುರಿದು, ಡಬ್ಬಿಯ ತಳದಲ್ಲಿದ್ದ ಹೆಸರುಬೇಳೆಯನ್ನೂ ಒಂದು ಹಿಡಿ ಹಾಕಿದರು. ‘ನೀರ ಹೆಚ್ಚಾದರ ಬ್ಯಾಳಿನೂ ಹೆಚ್ಚ ಆಗಬೇಕ್ ತಮ್ಮಾ. ಇಲ್ಲಂದರ ಅದು ಸಾರಲ್ಲ, ಬಿಸಿನೀರು’ ಎಂದರು. 1877ರಲ್ಲಿ ಈ ಮಾತನ್ನು ಟೆಂಪಲ್ ಸಾಹೇಬನಿಗೆ ಹೇಳುವವರು ಒಬ್ಬರಾದರೂ ಇದ್ದರು. ಇಂದು ಹೊಲದಲ್ಲಿ ಅಕ್ಕಡಿ ಸಾಲು ಅಳಿಯುತ್ತಿರುವಾಗ, ಬೇಳೆಯ ಡಬ್ಬಿಯ ತಳ ಕಾಣುತ್ತಿರುವಾಗ, ಅದನ್ನು ಮತ್ತೆ ಹೇಳಬೇಕಾಗಿದೆ.